ರೆಬೆಲ್ಲೋ ಸರ್ ಇದ್ದ ಅಮೆರಿಕಾ

ಹೋದ ತಿಂಗಳು ಒಂದು ಬೆಳಿಗ್ಗೆ ಟ್ಯಾಕ್ಸಿಯವನೊಬ್ಬ ನೈರೋಬಿಯ ಕಿಲಿಮಾನಿಯ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಇಳಿಸಿ, ಲೊರೆಶೋದ ಅಮ್ಮ ಕಳಿಸಿದ್ದು ಎಂದಷ್ಟೇ ಹೇಳಿ ಹೊರಟುಹೋದ. ಬಿಚ್ಚಿದರೆ ಒಳಗೆ ಹಳೆಯ ಅಮೆರಿಕನ್ ವಾರಪತ್ರಿಕೆಗಳು. ನುಣುಪು ಕಾಗದ ವರ್ಷಗಟ್ಟಲೆ ಮುಚ್ಚಿಟ್ಟಲ್ಲೇ ಮುಗ್ಗಿದರೆ ಒಂದು ವಾಸನೆ ಬರುತ್ತದೆ ನೋಡಿ, ಅದು ಇಡೀ ಮನೆಗೆ ಹರಡಿತು. ನನ್ನ ಹೆಂಡತಿ ವತ್ಸಲ ಅಡುಗೆಮನೆಯಿಂದಲೇ ಕೂಗಿದಳು.

"ಏನ್ರೀ ಅದು, ಹೆಗ್ಗಣ ಸತ್ತ ಹಾಗಿದೆ!"

"ಹೆಗ್ಗಣ ಅಲ್ಲ, ಅಮೆರಿಕಾ" ಎಂದೆ.

"ಏನಾದ್ರೂ ಆಗ್ಲಿ, ಬಾಲ್ಕನೀಲಿಡಿ" ಎಂದಳು.

ಬಾಲ್ಕನಿಯಲ್ಲಿ ಕೂತು ಮೇಲಿನದೊಂದನ್ನು ತೆರೆದೆ. ಒಬ್ಬ ಅಧಿಕಾರಿ ಮತಚೀಟಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮತ ಹಾಕಲು ಒತ್ತಿದ ತೂತು ಪೂರ್ತಿ ಬಿದ್ದಿದೆಯೋ ಅರ್ಧ ಬಿದ್ದಿದೆಯೋ ಎಂದು ನೋಡುತ್ತಿದ್ದಾನೆ. ನಿಮಗೆ ನೆನಪಿರಬಹುದು. ಪ್ರಪಂಚಕ್ಕೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳುತ್ತಿದ್ದ ದೇಶ ಚುನಾವಣೆ ಮುಗಿಸಿ, ಗೆದ್ದವರು ಯಾರೆಂದು ತಿಳಿಯದೆ ವಾರಗಟ್ಟಲೆ ಫ್ಲೋರಿಡಾದ ಕಡೆ ಮುಖ ಮಾಡಿ ಕೂತಿತ್ತು. ಅದೇ ಪತ್ರಿಕೆಯ ಕೊನೆಯ ಪುಟದ ಪದಬಂಧವನ್ನು ಯಾರೋ ಪ್ರಯಾಣಿಕ ಅರ್ಧ ತುಂಬಿಸಿದ್ದ. ಉಳಿದರ್ಧ ರೆಬೆಲ್ಲೋ ಸರ್ ಅವರ ಅಕ್ಷರದಲ್ಲಿತ್ತು. ಅವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಆ ಅಕ್ಷರದ ಮೇಲೆ ಒಂದೆರಡು ಸಲ ಬೆರಳಾಡಿಸಿದೆ, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಹಿಲ್ಡಾ ಬಾಯಿಯ ಫೋನು. "ಪೆಟ್ಟಿಗೆ ಮುಟ್ಟಿತಾ? ಭಾನುವಾರ ಚಹಾಕ್ಕೆ ಬನ್ನಿ. ಒಬ್ಬರೇ ಬನ್ನಿ, ಆಯ್ತಾ?" ಎಂದರು. ಒಬ್ಬರೇ ಎಂದದ್ದು ನನಗೆ ಹಿಡಿಸಲಿಲ್ಲ. ರೆಬೆಲ್ಲೋ ಸರ್ ಅವರ ಒಂದು ಗುಟ್ಟು ನನ್ನಲ್ಲಿತ್ತು. ಅದು ಯಾರಿಗೆ ತಿಳಿದರೂ ಹಿಲ್ಡಾ ಬಾಯಿಗೆ ತಿಳಿಯಬಾರದಿತ್ತು.

ಈಗಿನವರಿಗೆ ಇದನ್ನು ಮೊದಲಿನಿಂದ ಹೇಳಬೇಕು. ಈಗ ಅಮೆರಿಕದ ಅಧ್ಯಕ್ಷರು ಸೀನಿದರೂ ನಿಮ್ಮ ಫೋನಿಗೆ ಗೊತ್ತಾಗುತ್ತದೆ. ಹಳೆಯ ಶತಮಾನ ಮುಗಿದು ಹೊಸದು ಶುರುವಾಗುವ ಆ ದಿನಗಳಲ್ಲಿ ನೈರೋಬಿಯ ನಮ್ಮ ಕನ್ನಡದವರಿಗೆಲ್ಲ ಅಮೆರಿಕಾ ಎಂದರೆ ರೆಬೆಲ್ಲೋ ಸರ್. ಮಂಗಳೂರು ಕಡೆಯವರು. ಎಂಬಕಸಿಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನಿಂದ ಸರಕು ಬಿಡಿಸುವ ಕಂಪನಿಯೊಂದರಲ್ಲಿ ಮ್ಯಾನೇಜರು. ಪ್ರಯಾಣಿಕರು ಸೀಟಿನಲ್ಲಿ ಬಿಟ್ಟುಹೋದ ಪತ್ರಿಕೆಗಳನ್ನು ವಿಮಾನ ಗುಡಿಸುವವರು ಅವರಿಗಾಗಿ ಎತ್ತಿಡುತ್ತಿದ್ದರು. ಕಾಫಿ ಚೆಲ್ಲಿದ, ಮೂಲೆ ಮಡಿಚಿದ ಆ ಪತ್ರಿಕೆಗಳನ್ನು ಅವರು ಅಕ್ಷರ ಬಿಡದೆ ಓದುತ್ತಿದ್ದರು. ಹಾಗಂತ ಅವರ ಜ್ಞಾನ ಬರೀ ಓದಿನದು ಎಂದು ಯಾರೂ ಭಾವಿಸಿರಲಿಲ್ಲ. ಅವರು ಹರೆಯದಲ್ಲಿ ಕೆಲವು ವರ್ಷ ಅಮೆರಿಕದಲ್ಲಿದ್ದು, ಆಮೇಲೆ ನೈರೋಬಿಗೆ ಬಂದವರೆಂದು ಎಲ್ಲರಿಗೂ ಗೊತ್ತಿತ್ತು. ಯಾರು ಹೇಳಿದ್ದು ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನಾನು ಇಲ್ಲಿಗೆ ಬಂದದ್ದೇ ವೈಟುಕೆ ಎಂಬ ಭೂತ ಬಿಡಿಸಲು. ಹೊಸ ವರ್ಷ ಹುಟ್ಟಿದ ಕ್ಷಣ ಪ್ರಪಂಚದ ಕಂಪ್ಯೂಟರುಗಳೆಲ್ಲ ತಲೆ ತಿರುಗಿ ಬೀಳುತ್ತವೆ ಎಂದು ಅಮೆರಿಕದವರು ಹೇಳಿದರು, ನಾವು ನಂಬಿದೆವು. ಬೆಂಗಳೂರಿನಿಂದ ನನ್ನನ್ನು ಇಲ್ಲಿನ ಬ್ಯಾಂಕಿಗೆ ಕಳಿಸಿದರು. ಹಗಲೆನ್ನದೆ ಇರುಳೆನ್ನದೆ ದುಡಿದೆ. ಹೊಸ ವರ್ಷ ಬಂತು, ಏನೂ ಆಗಲಿಲ್ಲ. ಏನೂ ಆಗದಂತೆ ನೋಡಿಕೊಂಡವನಿಗೆ ಯಾರೂ ಹಾರ ಹಾಕುವುದಿಲ್ಲ ಎಂಬುದು ನನಗೆ ತಿಳಿದದ್ದು ಆಗ. ನಮ್ಮ ಮ್ಯಾನೇಜರು, ಏನೂ ಆಗಲಿಲ್ಲವಲ್ಲ, ಮತ್ತೆ ನಿನ್ನನ್ನು ಕರೆಸಿದ್ದೇಕೆ ಎಂದು ಕೇಳಿದ. ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ. ರೆಬೆಲ್ಲೋ ಸರ್ ಒಬ್ಬರೇ, "ನಿಮ್ಮಿಂದ ಉಳಿಯಿತು ಮಾರಾಯ್ರೆ" ಎಂದು ಕೈ ಕುಲುಕಿದ್ದು.

ಶನಿವಾರ ಸಂಜೆ ಲೊರೆಶೋದ ಅವರ ಮನೆಯಲ್ಲಿ ವೀಸಾ ಪಾಠ. ಅಮೆರಿಕಕ್ಕೆ ಹೊರಟವರೆಲ್ಲ ರಾಯಭಾರ ಕಚೇರಿಗೆ ಹೋಗುವ ಮೊದಲು ಅಲ್ಲಿಗೆ ಹೋಗಬೇಕು, ಅದು ನಮ್ಮವರ ಪದ್ಧತಿ. ಸರ್ ಅಡುಗೆಮನೆಯ ಒಳಗೆ ಕುರ್ಚಿ ಹಾಕಿ ಕಿಟಕಿಯ ಸರಳಿನ ಹಿಂದೆ ಕೂರುತ್ತಿದ್ದರು. ಅವರೇ ವೀಸಾ ಅಧಿಕಾರಿ. ಅಭ್ಯರ್ಥಿ ಹೊರಗೆ ಹಿತ್ತಲಲ್ಲಿ ಸಾಲಿನಲ್ಲಿ ನಿಂತು, ಸರದಿ ಬಂದಾಗ ಕಿಟಕಿಗೆ ಬರಬೇಕು. ಸರ್ ಅವರ ಬೆನ್ನ ಹಿಂದೆ ಹಿಲ್ಡಾ ಬಾಯಿ ಬಂಗುಡೆ ಕಾಯಿಸುತ್ತಿದ್ದರು. ನನ್ನ ಸರದಿಯ ದಿನ ಹುಟ್ಟಾ ಸಸ್ಯಾಹಾರಿಯಾದ ವತ್ಸಲ ಪಕ್ಕದಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು.

"ವೈ ಡು ಯು ವಾಂಟ್ ಟು ಗೋ ಟು ಅಮೆರಿಕಾ?"

ನಾನು ಹಲ್ಲು ಬಿಟ್ಟೆ.

"ನಗಾಡ್ಬೇಡಿ! ನಗಾಡುವವರನ್ನು ಅವರು ನಂಬುದಿಲ್ಲ. ಹಿಂದೆ ಹೋಗಿ, ಪುನಃ ಬನ್ನಿ. ಮೇಡಂ, ನೀವು ಮೂಗು ಬಿಡಿ. ಅಲ್ಲಿಯ ಕಿಟಕಿಯಲ್ಲಿ ಮೀನು ಇರುದಿಲ್ಲ."

ಪಾಠ ಮುಗಿದ ಮೇಲೆ ಚಹಾ, ಚಹಾದ ಜೊತೆಗೆ ಅಮೆರಿಕಾ. ಅಲ್ಲಿನ ಕೇಂದ್ರ ಬ್ಯಾಂಕಿನ ಮುದುಕ ಕೆಮ್ಮಿದರೆ ಶೇರುಪೇಟೆ ಏಕೆ ಮೇಲೇರುತ್ತದೆ, ಗ್ಯಾರೇಜಿನಲ್ಲಿ ಕಂಪನಿ ಶುರುಮಾಡುವುದು ಏಕೆ ಶುಭ, ಸೆನೆಟ್ಟಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಎಲ್ಲ ಅವರಿಗೆ ಅಂಗೈ ನೆಲ್ಲಿ. ಮತ ಎಣಿಕೆಯ ಗೊಂದಲ ಶುರುವಾದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಸರ್ ನಗಲಿಲ್ಲ. "ನೀವು ನಗಾಡಿ. ಆದ್ರೆ ಕೂತು ಎಣಿಸ್ತಾರಲ್ಲ, ಅದನ್ನು ನೋಡಿ" ಎಂದರು. ಶೇರುಗಳು ದಬದಬನೆ ಬಿದ್ದಾಗ, "ಬಿದ್ದರೂ ಎಷ್ಟು ಶಿಸ್ತಿನಲ್ಲಿ ಬೀಳ್ತದೆ" ಎಂದರು.

ನನ್ನ ಅಮೆರಿಕಾ ಎಂದರೆ ನನ್ನನ್ನು ಕೆಲಸಕ್ಕೆ ಕರೆದ ಕ್ಯಾಲಿಫೋರ್ನಿಯಾದ ಒಂದು ಹೊಸ ಡಾಟ್‌ಕಾಂ ಕಂಪನಿ. ಇಂಟರ್ನೆಟ್ಟಿನಲ್ಲಿ ಕೇಳಿದವರ ಮನೆಬಾಗಿಲಿಗೆ ಸೊಪ್ಪು ತಲುಪಿಸುವುದು ಅದರ ಕ್ರಾಂತಿ. ನಮ್ಮ ಬಸವನಗುಡಿಯಲ್ಲಿ ಬುಟ್ಟಿ ಹೊತ್ತು ಬರುವ ಸೊಪ್ಪಿನವಳು ಅಷ್ಟನ್ನು ಕೂಗಿಯೇ ಮಾಡುತ್ತಿದ್ದಳು ಎಂದು ವತ್ಸಲ ಹೇಳಿದಾಗ, ನಿನಗೆ ಹೊಸ ಆರ್ಥಿಕತೆ ಅರ್ಥವಾಗುವುದಿಲ್ಲ ಎಂದೆ. ವೀಸಾ ಬಂತು. ಕಿಟಕಿಯಲ್ಲಿ ನಾನು ನಗಲಿಲ್ಲ.

ವೀಸಾ ಬಂದರೆ ಬೀಳ್ಕೊಡುಗೆ ಊಟ. ಇದು ನೈರೋಬಿಯ ನಮ್ಮವರಲ್ಲಿ ಮದುವೆಗಿಂತ ಕಟ್ಟುನಿಟ್ಟು. ಹೊರಟವರನ್ನು ಪ್ರತಿ ಮನೆಯವರೂ ಕರೆಯಬೇಕು, ಹೊರಟವರು ಪ್ರತಿ ಮನೆಯಲ್ಲೂ ಉಣ್ಣಬೇಕು, ಉಂಡ ಮೇಲೆ ಮನೆಯವರು ಅವರಿಗೆ ಒಂದು ಮರದ ಜಿರಾಫೆ ಕೊಡಬೇಕು. ನಾವು ಟಿಕೆಟ್ ಕೈಗೆ ಬರುವ ಮೊದಲೇ ಉಣ್ಣಲು ಶುರುಮಾಡಿದೆವು. ವತ್ಸಲ ಅವರಿವರಿಗೆ ಮಿಕ್ಸಿ ಕೊಟ್ಟಳು, ಪರದೆ ಕೊಟ್ಟಳು, ಸಾರಿನ ಪುಡಿಯ ಡಬ್ಬಿ ಕೂಡ ಕೊಟ್ಟಳು. ಮನೆಯಲ್ಲಿ ನಾವಿಬ್ಬರು, ಗೋಡೆಯುದ್ದಕ್ಕೂ ಕತ್ತು ಚಾಚಿ ನಿಂತ ಜಿರಾಫೆಗಳು.

ಕೊನೆಯ ಊಟ ರೆಬೆಲ್ಲೋ ಸರ್ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ವತ್ಸಲಳಿಗಾಗಿ ಹಿಲ್ಡಾ ಬಾಯಿ ಆ ದಿನ ಮೀನು ಮಾಡಿರಲಿಲ್ಲ. ಊಟವಾದ ಮೇಲೆ ಸರ್ ನನ್ನನ್ನು ತೋಟಕ್ಕೆ ಕರೆದರು. ಜಕರಂಡಾ ಉದುರಿ ನೆಲವೆಲ್ಲ ನೇರಳೆಯಾಗಿತ್ತು.

"ಒಂದು ಉಪಕಾರ ಮಾಡ್ಬೇಕು ನೀವು" ಎಂದರು. "ಅಲ್ಲಿ ಇಳಿದ ಕೂಡ್ಲೆ ಗಾಳಿಯ ವಾಸನೆ ಹೇಗುಂಟು ಅಂತ ನನಗೆ ಬರೀರಿ. ಪತ್ರಿಕೆಯಲ್ಲಿ ಎಲ್ಲ ಬರ್ತದೆ. ಅದೊಂದು ಬರುದಿಲ್ಲ."

"ನಿಮಗೆ ಗೊತ್ತಿಲ್ವಾ ಸರ್?"

"ನನಗೆ ಹೇಗೆ ಗೊತ್ತಿರ್ತದೆ ಮಾರಾಯ್ರೆ? ಹೋದವರಿಗಲ್ವಾ ಗೊತ್ತಿರುದು!"

ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ಅವರು ಹೂವಿನ ಮೇಲೆ ಕಾಲಿಡದಂತೆ ನೆಲ ನೋಡಿಕೊಂಡು ನಡೆಯುತ್ತ ಹೇಳಿದರು. ನೈರೋಬಿಗೆ ಬಂದ ಹೊಸತರಲ್ಲಿ ಯಾರೋ, ನೀವು ಅಮೆರಿಕದಲ್ಲಿ ಇದ್ದವರಂತೆ, ಹೌದಾ ಎಂದು ಕೇಳಿದರಂತೆ. "ನಾನು ನಗಾಡಿದೆ, ಅಷ್ಟೇ. ವಾರದೊಳಗೆ ಎಲ್ರಿಗೂ ಗೊತ್ತಾಗಿತ್ತು. ಮಂಗಳೂರಿಗೆ ಹೋಗಿ ಮುಟ್ಟಿತು. ಹಿಲ್ಡಾಳ ಮನೆಯವರು ಅದನ್ನು ಕೇಳಿಯೇ ಹೆಣ್ಣು ಕೊಟ್ಟದ್ದು. ಮತ್ತೆ ಹೇಗೆ ಹೇಳುದು? ಒಂದ್ಸಲ ವೀಸಾಕ್ಕೆ ಹೋದೆ. ಹೋಗಿ ಬಂದ್ರೆ ಸುಳ್ಳು ಸತ್ಯ ಆಗ್ತದಲ್ಲ ಅಂತ. ಆ ಕಿಟಕಿಯಲ್ಲಿ ಹೆದರಿಕೆಗೆ ನಗು ಬಂತು. ಕೊಡ್ಲಿಲ್ಲ."

ಮನೆಯ ಕಡೆ ಒಮ್ಮೆ ತಿರುಗಿ ನೋಡಿ, "ಹಿಲ್ಡಾಳಿಗೆ ಇದು ಗೊತ್ತಾಗುದು ಬೇಡ. ನೀವು ಹೋಗುವವರು, ಅದಕ್ಕೇ ಹೇಳಿದ್ದು" ಎಂದರು. ಮುಖ ಹಗುರಾಗಿತ್ತು. ಅಷ್ಟು ವರ್ಷದ ಹೊರೆಯನ್ನು ನನ್ನ ಸೂಟ್‌ಕೇಸಿಗೆ ಹಾಕಿ ಕಳಿಸುತ್ತಿದ್ದರು. ಮನೆಗೆ ಬರುವ ದಾರಿಯಲ್ಲೇ ನಾನು ವತ್ಸಲಳಿಗೆ ಹೇಳಿದೆ. ಹೆಂಡತಿಗೆ ಹೇಳಿದ್ದು ಹೇಳಿದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನನ್ನ ನಂಬಿಕೆ.

ಮುಂದಿನದು ನಿಮಗೆ ಹೊಳೆದಿರಬೇಕು. ಸೊಪ್ಪಿನ ಕಂಪನಿ ಬಾಗಿಲು ಹಾಕಿತು. ಬಾಗಿಲು ಹಾಕಿದ್ದೇವೆ, ನಿಮ್ಮ ಉತ್ಸಾಹಕ್ಕೆ ಧನ್ಯವಾದ ಎಂದು ಒಂದು ಇಮೇಲು. ಬ್ಯಾಂಕಿನಲ್ಲಿ ನನ್ನ ಕುರ್ಚಿಗೆ ಇನ್ನೂ ಯಾರೂ ಸಿಕ್ಕಿರಲಿಲ್ಲವಾದ್ದರಿಂದ ಹೊಟ್ಟೆಪಾಡಿಗೇನೂ ತೊಂದರೆಯಾಗಲಿಲ್ಲ. ತೊಂದರೆ ಬೇರೆ. ಬೀಳ್ಕೊಡುಗೆ ಉಂಡು ಊರಲ್ಲೇ ಉಳಿದವರನ್ನು ಹೇಗೆ ಮಾತಾಡಿಸಬೇಕೆಂದು ನಮ್ಮವರಲ್ಲಿ ಪದ್ಧತಿಯೇ ಇರಲಿಲ್ಲ. ಅಂಗಡಿಯಲ್ಲಿ ಸಿಕ್ಕವರು, "ಓ, ಇನ್ನೂ ಇಲ್ಲೇ ಇದೀರಾ?" ಎಂದು, ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ ಕೇಳುತ್ತಿದ್ದರು. ಮಿಕ್ಸಿ ಒಯ್ದವರು ನಮ್ಮ ಬೀದಿಗೇ ಬರುವುದನ್ನು ಬಿಟ್ಟರು.

ಎಲ್ಲಕ್ಕಿಂತ ಹೆಚ್ಚು ಕಂಗಾಲಾದವರು ರೆಬೆಲ್ಲೋ ಸರ್. ಹೋಗುವವನೆಂದು ಮನಸ್ಸು ಬಿಚ್ಚಿದ್ದರು, ನಾನು ಇಲ್ಲೇ ಕೂತೆ. ಸೊಂಟನೋವೆಂದು ವೀಸಾ ಪಾಠ ನಿಲ್ಲಿಸಿಬಿಟ್ಟರು. ಎಲ್ಲಾದರೂ ಎದುರಾದರೆ ಗಡಿಯಾರ ನೋಡಿಕೊಂಡು ಹೊರಡುತ್ತಿದ್ದರು. ನಾನು ಯಾರಿಗೂ ಹೇಳುವುದಿಲ್ಲ ಸರ್ ಎನ್ನೋಣವೆಂದರೆ, ಹಾಗೆ ಅಂದರೆ ನೆನಪಿಟ್ಟುಕೊಂಡಿದ್ದೇನೆ ಎಂದೇ ಅರ್ಥ. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಯುಗಾದಿ ಬಂತು. ಕಿಲಿಮಾನಿಯಲ್ಲಿ ಸ್ನೇಹಿತರೊಬ್ಬರು ಎಲ್ಲರನ್ನೂ ಊಟಕ್ಕೆ ಕರೆದರು. ಅವರ ಭಾವಮೈದುನ ನ್ಯೂಜೆರ್ಸಿಯಿಂದ ಸಿಂಹ ನೋಡಲು ಬಂದಿದ್ದ. ಅಮೆರಿಕದಿಂದ ಬಂದವನಿದ್ದಾನೆ, ರೆಬೆಲ್ಲೋ ಸರ್ ಬರಲೇಬೇಕು ಎಂದು ಅವರನ್ನು ಎಳೆತಂದಿದ್ದರು. ನೆಲದ ಮೇಲೆ ಸಾಲಾಗಿ ಎಲೆ ಹಾಕಿದ್ದರು. ಸರ್, ಪಕ್ಕದಲ್ಲಿ ಹಿಲ್ಡಾ ಬಾಯಿ, ಎದುರಿಗೆ ಅವನು.

"ಅಂಕಲ್, ನೀವೂ ಸ್ಟೇಟ್ಸಲ್ಲಿ ಇದ್ರಂತೆ? ಎಲ್ಲಿ?"

"ಈಸ್ಟ್ ಸೈಡ್" ಎಂದರು ಸರ್, ಕೋಸಂಬರಿ ನೋಡುತ್ತ.

"ಈಸ್ಟ್ ಅಂದ್ರೆ? ನಾನೂ ಈಸ್ಟೇ. ಯಾವ ಊರು ಅಂಕಲ್?"

ಇಡೀ ಪಂಕ್ತಿ ಕಿವಿಯಾಯಿತು. ಇಷ್ಟು ವರ್ಷ ಇದನ್ನು ಕೇಳಬೇಕೆಂದು ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ಸರ್ ತಲೆಯೆತ್ತಿ ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಇನ್ನೂ ಮರೆತಿಲ್ಲ. ಅವರ ಮುಖದಲ್ಲಿ ಆಗಲೇ ಆ ಹೆದರಿಕೆಯ ನಗು ಬರತೊಡಗಿತ್ತು. ನನ್ನ ತಲೆಯಲ್ಲಿ ಅಮೆರಿಕದ ಒಂದು ಊರೂ ಉಳಿದಿರಲಿಲ್ಲ. ಆಗ ಬಡಿಸುತ್ತಿದ್ದ ವತ್ಸಲ ಒಬ್ಬಟ್ಟಿನ ತಟ್ಟೆ ಹಿಡಿದು ನಡುವೆ ಬಂದಳು.

"ಬಫಲೋ ಅಲ್ವಾ ಸರ್! ಆ ಹಿಮದ ಕಥೆ ಮಾತ್ರ ಈಗ ಶುರು ಮಾಡ್ಬೇಡಿ, ನಮಗೆ ಹೇಳಿದ ದಿನ ಊಟ ತಣ್ಣಗಾಗಿ ಹೋಯ್ತು. ತುಪ್ಪ ಹಾಕ್ಲಾ?"

"ಬಫಲೋ!" ಎಂದು ಅವನು ಹುಬ್ಬೇರಿಸಿದ. "ಅಬ್ಬಾ, ಆ ಚಳೀಲಿ ಹೇಗಿದ್ರಿ ಅಂಕಲ್?"

"ಅಭ್ಯಾಸ ಆಗ್ತದೆ" ಎಂದರು ರೆಬೆಲ್ಲೋ ಸರ್.

ವತ್ಸಲ ಆ ಊರಿನ ಹೆಸರು ಕಂಡಿದ್ದು ಅವರ ಮನೆಯಲ್ಲೇ, ಹಿಮದಲ್ಲಿ ಮುಳುಗಿದ ಕಾರುಗಳ ಚಿತ್ರದ ಕೆಳಗೆ. ಮರುದಿನದಿಂದ ಸರ್ ಬಫಲೋದ ಬೆನ್ನು ಹತ್ತಿದರು. ಮುಂದಿನ ಮಳೆಗಾಲದ ಹೊತ್ತಿಗೆ ಅಲ್ಲಿನ ಬೀದಿಗಳು, ಕೆರೆ, ಹಿಮ ಎತ್ತುವ ಸಲಿಕೆಯ ಬಗೆಗಳು, ಎಲ್ಲವೂ ಅವರಿಗೆ ಬಾಯಿಪಾಠ. ಸೊಂಟನೋವು ವಾಸಿಯಾಯಿತು, ಕಿಟಕಿಯ ಪಾಠ ಮತ್ತೆ ಶುರುವಾಯಿತು. ನನ್ನ ಹತ್ತಿರ ಆ ವಿಷಯ ಅವರು ಮತ್ತೆ ಎತ್ತಲಿಲ್ಲ. ವತ್ಸಲಳಿಗೆ ಮಾತ್ರ ಪ್ರತಿ ಕ್ರಿಸ್ಮಸ್ಸಿಗೆ ಮೊಟ್ಟೆ ಹಾಕದ ಕೇಕು ಬೇರೆಯಾಗಿ ಬರುತ್ತಿತ್ತು. ನಾವು ನೈರೋಬಿಯಲ್ಲೇ ಬೇರು ಬಿಟ್ಟೆವು. ಮಗಳು ಇಲ್ಲೇ ಹುಟ್ಟಿ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತ ಬೆಳೆದಳು.

ಫೋನಿನಲ್ಲಿ ಕರೆದಿದ್ದ ಆ ಭಾನುವಾರ ಲೊರೆಶೋಗೆ ಹೋದೆ. ಹಿಲ್ಡಾ ಬಾಯಿ ಚಹಾ ಕೊಟ್ಟು ಎದುರಿಗೆ ಕೂತರು.

"ಮುಂದಿನ ವಾರ ಇವರ ವರ್ಷದ ಪೂಜೆ. ಇಗರ್ಜಿಯಲ್ಲಿ ಪೂಜೆ ಆದ ಮೇಲೆ ಚರ್ಚ್ ಹಾಲ್‌ನಲ್ಲಿ ನಾಲ್ಕು ಮಾತು ಹೇಳ್ಬೇಕು ನೀವು."

"ಖಂಡಿತ ಬಾಯಿ."

"ಬಫಲೋ ಅಂತ ಹೇಳ್ಬೇಡಿ."

ಕಪ್ಪು ಕೈಯಲ್ಲೇ ನಿಂತಿತು. "ಯಾಕೆ ಬಾಯಿ?"

"ಇವರು ಅಲ್ಲಿ ಇರ್ಲಿಲ್ಲ. ಎಲ್ಲಿಯೂ ಇರ್ಲಿಲ್ಲ. ನಿಮಗೆ ಗೊತ್ತುಂಟು, ಸುಮ್ಮನೆ ನಾಟಕ ಬೇಡ."

"ನಿಮಗೆ ಯಾವಾಗ ಗೊತ್ತಾಯ್ತು?"

"ಮದುವೆ ಆದ ವರ್ಷವೇ. ಇವರು ಮಂಗಳೂರಿಗೆ ಬೈತಿದ್ರು, ನೈರೋಬಿಗೆ ದಿನಾ ಬೈತಿದ್ರು. ಅಮೆರಿಕಕ್ಕೆ ಒಂದು ದಿನ ಬೈಲಿಲ್ಲ. ಇದ್ದ ಊರಿಗೆ ಬೈಯದೆ ಇರ್ತಾರಾ ಯಾರಾದ್ರೂ?"

ಇಷ್ಟು ಜನ ಇಂಜಿನಿಯರುಗಳು, ಬ್ಯಾಂಕಿನವರು ವರ್ಷಗಟ್ಟಲೆ ಅವರ ಮಾತು ಕೇಳಿದ್ದೆವು. ಒಬ್ಬರಿಗೂ ಇದು ಹೊಳೆದಿರಲಿಲ್ಲ. ಹಿಲ್ಡಾ ಬಾಯಿ ತಡೆಯಿಲ್ಲದೆ ಹೇಳುತ್ತ ಹೋದರು.

"ಯಾರಾದ್ರೂ ಒಂದು ದಿನ ಇವರನ್ನ ಹಿಡಿದು ಕೇಳ್ತಾರೆ ಅಂತ ನನಗೆ ಗೊತ್ತಿತ್ತು. ನಾನೊಂದು ಊರು ನೋಡಿ ಇಟ್ಟಿದ್ದೆ. ಬಾಲ್ಟಿಮೋರ್. ಸಮುದ್ರ ಉಂಟು, ಬಂದರು ಉಂಟು, ಏಡಿ ಸಿಗ್ತದೆ. ಇವರಿಗೆ ಅಲ್ಲಿ ಕಷ್ಟ ಆಗ್ತಿರ್ಲಿಲ್ಲ. ಆ ಯುಗಾದಿಯ ದಿನ ಹೇಳ್ಲಿಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನಿಮ್ಮ ವತ್ಸಲ ಬಂದು ಬಫಲೋ ಅಂದಳು. ಬಫಲೋ ಅಂತೆ! ಎರಡು ಹನಿ ಮಳೆಗೆ ಶೀತ ಆಗುವ ಮನುಷ್ಯ!"

"ನಿಮಗೆ ಕೋಪ ಬಂತಾ?"

"ಬರದೇ? ಗಂಡ ನನ್ನವರು, ಸುಳ್ಳು ಅವಳು ಹೇಳಿದ್ದು."

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು.

"ಅದು ಹೋಗ್ಲಿ. ಆ ದಿನ ಊಟಕ್ಕೆ ಕೂತಲ್ಲಿ ಇವರು ನಿಮ್ಮ ಮುಖ ನೋಡಿದ್ದು ನಾನು ಕಂಡಿದ್ದೆ. ನಿಮಗೆ ಇವರೇ ಹೇಳಿದ್ದಲ್ವಾ? ನನಗೆ ಹೇಳ್ಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತಿದ್ದೆ, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ. ನರ್ಸಿಗೆ ಬಫಲೋದ ಹಿಮದ ವಿಷಯ ಹೇಳ್ತಾ ಇದ್ರು."

ಇದಕ್ಕೆ ಉತ್ತರ ಕೊಡಲೇಬೇಕಿತ್ತು. "ನಾನು ಹೋಗೋನು ಅಂತ ನನಗೆ ಹೇಳಿದ್ರು ಬಾಯಿ" ಎಂದೆ. "ಉಳಿದುಬಿಟ್ಟೆ ನೋಡಿ, ಆಮೇಲೆ ತಿಂಗಳುಗಟ್ಟಲೆ ನನ್ನ ಮುಖ ನೋಡೋಕೆ ಅವರಿಂದ ಆಗ್ಲಿಲ್ಲ. ನಿಮಗೆ ಹೇಳಿದ್ರೆ ನಿಮ್ಮ ಮುಖ ಹೇಗೆ ನೋಡ್ತಿದ್ರು?"

ಹಿಲ್ಡಾ ಬಾಯಿ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದರು. "ನನ್ನ ಮುಖ ನೋಡ್ಲಿಕ್ಕೆ ಬೇಕಿತ್ತು ಇವರಿಗೆ ಅಂತ ನೀವು ಹೇಳುದು" ಎಂದರು.

"ಹೌದು."

"ಆಗ್ಲಿ" ಎಂದು ಕಣ್ಣೊರೆಸಿಕೊಂಡು ಕಪ್ಪು ತೆಗೆದುಕೊಂಡು ಒಳಗೆ ಹೋದರು.

ವರ್ಷದ ಪೂಜೆಯ ದಿನ ಚರ್ಚ್ ಹಾಲ್ ತುಂಬಿತ್ತು. ಮಂಗಳೂರಿನವರು, ಬೆಂಗಳೂರಿನವರು, ಕಿಟಕಿಯಲ್ಲಿ ಪಾಸಾಗಿಯೂ ಇಲ್ಲೇ ಉಳಿದ ನನ್ನಂಥವರು. ನಾನು ಎದ್ದು ನಿಂತು, ಸರ್ ಅವರ ಪಾಠ, ಚಹಾ, ಪದಬಂಧ ಎಲ್ಲ ಹೇಳಿ ಕೊನೆಗೆ ಹೇಳಿದೆ: "ರೆಬೆಲ್ಲೋ ಸರ್ ತಮ್ಮ ಯೌವನದ ಕೆಲವು ವರ್ಷಗಳನ್ನು ಬಾಲ್ಟಿಮೋರಿನಲ್ಲಿ ಕಳೆದರು."

ಸಾಲುಗಳಲ್ಲಿ ಗುಸುಗುಸು ಎದ್ದಿತು. ವತ್ಸಲ ಕೂತಲ್ಲಿಂದಲೇ, "ಬಫಲೋ ಕಣ್ರೀ!" ಎಂದಳು. ಮನೆಯಲ್ಲಿ ಅವಳಿಗೆ ನಾನು ಏನೂ ಹೇಳಿರಲಿಲ್ಲ. ಒಂದು ಸಲವಾದರೂ ಹೇಳದೆ ಇರೋಣ ಎನ್ನಿಸಿತ್ತು.

"ಬಫಲೋ ಎಂದು ಹಲವರು ತಿಳಿದಿದ್ದಾರೆ" ಎಂದೆ. "ಅದು ನನ್ನ ಹೆಂಡತಿಯ ತಪ್ಪು ತಿಳಿವಳಿಕೆ. ಹಿಲ್ಡಾ ಬಾಯಿಯವರಿಗೆ ಸರಿಯಾಗಿ ಗೊತ್ತು."

ಎಲ್ಲರೂ ಮುಂದಿನ ಸಾಲಿನ ಕಡೆ ತಿರುಗಿದರು. ಹಿಲ್ಡಾ ಬಾಯಿ ಎದ್ದು, ಸೆರಗು ಸರಿಮಾಡಿಕೊಂಡು, ಇಡೀ ಹಾಲ್‌ಗೆ ಕೇಳುವಂತೆ ಹೇಳಿದರು.

"ಹೌದು, ಬಾಲ್ಟಿಮೋರ್. ಅಲ್ಲಿಯ ಏಡಿಗೆ ಒಂಚೂರು ರುಚಿ ಇಲ್ಲ ಅಂತ ಯಾವಾಗ್ಲೂ ಬೈತಿದ್ರು."